ಕಾವಲಿನ ಕೆಲಸ: ಸೆರೆಮನೆಯ ವಾರ್ಡರ್, ಆಯ್ಕೆಯ ಚರಿತ್ರೆ ಮತ್ತು ಗಡಿಯ ಭಾಷೆ

1943ರ ಮಾರ್ಚ್ 29ರಂದು ಕಣ್ಣೂರಿನ ಸೆಂಟ್ರಲ್ ಜೈಲಿನಲ್ಲಿ ಕೈಯೂರಿನ ನಾಲ್ವರು ರೈತ ಹೋರಾಟಗಾರರನ್ನು ಗಲ್ಲಿಗೇರಿಸಲಾಯಿತು. ಕೈಯೂರು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದ ಹಳ್ಳಿ. ಆ ನಾಲ್ವರ ಹೆಸರುಗಳು ಮಲಯಾಳದ ಜನಸ್ಮೃತಿಯಲ್ಲಿ ಉಳಿದಿವೆ. ನಿರಂಜನರ ‘ಚಿರಸ್ಮರಣೆ’ಯ ಮೂಲಕ ಆ ಹೋರಾಟ ಕನ್ನಡ ಓದುಗರ ನೆನಪನ್ನೂ ಸೇರಿತು. ಅದಕ್ಕೆ ಹನ್ನೆರಡು ವರ್ಷ ಮೊದಲು, 1931ರ ಜನವರಿ 12ರಂದು, ಸೊಲ್ಲಾಪುರದ ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ ಮತ್ತು ಕುರ್ಬಾನ್ ಹುಸೇನ್ ಯೆರವಾಡ ಜೈಲಿನಲ್ಲಿ ಗಲ್ಲಿಗೇರಿದ್ದರು. ಅವರ ಹೆಸರುಗಳೂ ಸೊಲ್ಲಾಪುರದಲ್ಲಿ ಮರೆತುಹೋಗಿಲ್ಲ. ಆದರೆ ಆ ಎರಡೂ ಜೈಲುಗಳಲ್ಲಿ ಕೊನೆಯ ರಾತ್ರಿಯವರೆಗೆ ಕೋಣೆಯ ಮುಂದೆ ಪಾಳಿ ಕಾದವರು, ಊಟದ ತಟ್ಟೆ ಒಳಗೆ ಸರಿಸಿದವರು, ಬೆಳಗಿನ ಜಾವ ಬೀಗ ತೆರೆದವರು ಯಾರೆಂಬುದನ್ನು ಜನಸ್ಮೃತಿಯಾಗಲಿ ಸಾಹಿತ್ಯವಾಗಲಿ ಉಳಿಸಿಕೊಂಡಿಲ್ಲ.

ಭಾರತೀಯ ಭಾಷೆಗಳಲ್ಲಿ ಸೆರೆಮನೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೈದಿಗಳು, ಅದರಲ್ಲಿಯೂ ಅಕ್ಷರಸ್ಥ ರಾಜಕೀಯ ಕೈದಿಗಳು. ಅವರ ಕಥನಗಳಲ್ಲಿ ವಾರ್ಡರ್ ಎಂಬವನು ಒಂದೋ ಕ್ರೂರಿ, ಇಲ್ಲವೇ ಕದ್ದು ಬೀಡಿ ತಂದುಕೊಡುವ ಕರುಣಾಳು. ಭಾಗವತದ ಕಥೆಯಲ್ಲಿ ಕೃಷ್ಣ ಹುಟ್ಟಿದ ರಾತ್ರಿ ನಿದ್ದೆಹೋದ ಕಂಸನ ಕಾವಲುಗಾರರಂತೆ ಅವನಿಗೆ ಪೂರ್ವಕಥೆಯಿಲ್ಲ. ಅವನು ಆ ಕೆಲಸಕ್ಕೆ ಹೇಗೆ ಬಂದ, ಬೇರೆ ಕೆಲಸ ಬಿಟ್ಟು ಇದನ್ನೇ ಏಕೆ ಹಿಡಿದ ಎಂಬ ಪ್ರಶ್ನೆ ಕೈದಿಯ ಕಥನದಲ್ಲಿ ಏಳುವುದು ಅಪರೂಪ.

ಈ ಪ್ರಶ್ನೆಗೆ ಜನಪ್ರಿಯವಾದ ಉತ್ತರಗಳು ಸ್ವಭಾವದ ಸುತ್ತ ತಿರುಗುತ್ತವೆ: ಅಧಿಕಾರದ ಆಸೆ, ಶಿಸ್ತಿನ ಒಲವು, ತಿದ್ದುವ ಹಂಬಲ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಸಿದ್ಧ ಪ್ರಯೋಗವನ್ನು ಇಂಥ ಚರ್ಚೆಗಳಲ್ಲಿ ಮತ್ತೆಮತ್ತೆ ಉದಾಹರಿಸಲಾಗುತ್ತದೆ. ಅದರ ವಿಧಾನದ ಬಗ್ಗೆ ಬಂದಿರುವ ಆಕ್ಷೇಪಗಳು ಹಾಗಿರಲಿ. ಅಲ್ಲಿ ಯಾರೂ ಕಾವಲುಗಾರನ ಕೆಲಸವನ್ನು ಆರಿಸಿಕೊಂಡಿರಲಿಲ್ಲ. ಯಾರು ಕೈದಿ, ಯಾರು ಕಾವಲುಗಾರ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಆದ್ದರಿಂದ ಕಾವಲಿನ ಕೆಲಸಕ್ಕೆ ಜನ ಏಕೆ ಬರುತ್ತಾರೆ ಎಂಬುದಕ್ಕೆ ಆ ಪ್ರಯೋಗದಲ್ಲಿ ಉತ್ತರವಿರಲು ಸಾಧ್ಯವಿಲ್ಲ. ಆಯ್ಕೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಆಯ್ಕೆಯ ಚೌಕಟ್ಟನ್ನು ಕಟ್ಟಿದವರು ಯಾರು, ಅದರಲ್ಲಿ ಏನನ್ನು ಕೊಟ್ಟರು, ಏನನ್ನು ಕಿತ್ತುಕೊಂಡರು ಎಂಬುದನ್ನು ನೋಡಬೇಕು. ಭಾರತದ ಮಟ್ಟಿಗೆ ಆ ಚೌಕಟ್ಟಿಗೆ ದೀರ್ಘವಾದ ಚರಿತ್ರೆಯಿದೆ. ಗಡಿನಾಡಿನ ಜೈಲುಗಳಲ್ಲಿ ಆ ಚರಿತ್ರೆಗೆ ಭಾಷೆಯ ಪ್ರಶ್ನೆಯೊಂದು ಅಂಟಿಕೊಂಡಿದೆ.

1. ವ್ಯಾಪಾರದಿಂದ ನೌಕರಿಗೆ

ಜೈಲು ಕಾಯುವುದು ಮೊದಲಿನಿಂದಲೂ ಸಂಬಳದ ಕೆಲಸವಾಗಿರಲಿಲ್ಲ. ಇಂಗ್ಲೆಂಡಿನ ಜಾನ್ ಹೋವರ್ಡ್ 1777ರಲ್ಲಿ ತನ್ನ ದೇಶದ ಸೆರೆಮನೆಗಳ ಸ್ಥಿತಿಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಬಯಲಾದ ಮುಖ್ಯ ಸಂಗತಿಗಳಲ್ಲಿ ಒಂದೆಂದರೆ, ಅನೇಕ ಜೈಲರುಗಳು ಕೈದಿಗಳಿಂದ ವಸೂಲಿ ಮಾಡಿದ ಶುಲ್ಕದ ಮೇಲೆಯೇ ಬದುಕುತ್ತಿದ್ದರು ಎಂಬುದು. ಖುಲಾಸೆಯಾದವನೂ ಶುಲ್ಕ ತೆರಲಾರದೆ ಒಳಗೇ ಉಳಿಯಬೇಕಾಗುತ್ತಿತ್ತು. ಜೈಲರಿಗೆ ನಿಗದಿತ ಸಂಬಳ ಕೊಡಬೇಕೆಂಬುದು ಹೋವರ್ಡನ ಪ್ರಮುಖ ಒತ್ತಾಯವಾಗಿತ್ತು. ಕಾವಲನ್ನು ವ್ಯಾಪಾರದಿಂದ ಬಿಡಿಸಿ ನೌಕರಿಯನ್ನಾಗಿ ಮಾಡದ ಹೊರತು ಜೈಲಿನ ಸುಧಾರಣೆ ಆಗದು ಎಂಬುದು ಅವನ ವಾದದ ತಿರುಳು.

ಕಂಪನಿ ಸರ್ಕಾರದ ಭಾರತದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. ಮೆಕಾಲೆಯ ಸಲಹೆಯಂತೆ ನೇಮಕವಾದ ಜೈಲು ಶಿಸ್ತಿನ ಸಮಿತಿ 1838ರಲ್ಲಿ ವರದಿ ಸಲ್ಲಿಸಿತು. ಕೆಳಹಂತದ ಸಿಬ್ಬಂದಿಯ ಭ್ರಷ್ಟತೆ, ಶಿಸ್ತಿನ ಸಡಿಲಿಕೆ, ಕೈದಿಗಳನ್ನು ರಸ್ತೆ ಕೆಲಸಕ್ಕೆ ಕಳಿಸುವ ಪದ್ಧತಿ ಇವುಗಳನ್ನು ಸಮಿತಿ ಟೀಕಿಸಿತು. ಆದರೆ ಸಮಿತಿಯ ಒಲವು ಕೈದಿಯನ್ನು ತಿದ್ದುವುದಕ್ಕಿಂತ ಹೆದರಿಸುವುದರ ಕಡೆಗಿತ್ತು. ಹೆದರಿಸುವ ಸಂಸ್ಥೆಗೆ ಕಡಿಮೆ ಖರ್ಚಿನಲ್ಲಿ ಕಾಯುವ ಜನ ಸಾಕು. ಹೀಗೆ ಆರಂಭದಲ್ಲಿಯೇ ಭಾರತದ ವಾರ್ಡರ್ ಎರಡು ದೂರುಗಳ ನಡುವೆ ಸಿಕ್ಕಿಕೊಂಡ. ಅವನು ಭ್ರಷ್ಟನೆಂಬುದು ಒಂದು ದೂರು, ಅವನಿಗೆ ಹೆಚ್ಚು ಸಂಬಳ ಕೊಡುವುದು ದುಂದೆಂಬುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕೆ ಕಾರಣವಾಗಿರಬಹುದೆಂಬುದನ್ನು ಆಡಳಿತ ಗಂಭೀರವಾಗಿ ಪರಿಗಣಿಸಲು ಬಹುಕಾಲ ಹಿಡಿಯಿತು.

ಜಿಲ್ಲಾ ಜೈಲಿನ ಆಡಳಿತದ ರಚನೆಯೂ ಇಲ್ಲಿ ಮುಖ್ಯವಾಗುತ್ತದೆ. ಅನೇಕ ಕಡೆ ಸೂಪರಿಂಟೆಂಡೆಂಟನಾಗಿರುತ್ತಿದ್ದವನು ಜಿಲ್ಲೆಯ ಸಿವಿಲ್ ಸರ್ಜನ್. ಜೈಲು ಅವನ ಹಲವು ಹೊಣೆಗಳಲ್ಲಿ ಒಂದು. ಅವನ ಕೆಳಗೆ ಜೈಲರ್, ಜೈಲರಿನ ಕೆಳಗೆ ವಾರ್ಡರುಗಳು. ಸಾಹೇಬನಿಗೆ ಕೈದಿಯ ಮಾತು ಬಾರದು, ಕೈದಿಗೆ ಸಾಹೇಬನ ಮಾತು ಬಾರದು. ಗೋಡೆಯೊಳಗೆ ನಿಜವಾಗಿ ಏನು ನಡೆಯುತ್ತಿದೆ ಎಂಬುದು ಮೇಲಕ್ಕೆ ತಲುಪಬೇಕಾದದ್ದು ಕೆಳಗಿನ ಸಿಬ್ಬಂದಿಯ ಬಾಯಿಂದಲೇ. ವಸಾಹತುಶಾಹಿ ಜೈಲಿನೊಳಗೆ ಆಳುವವರ ಅಧಿಕಾರ ಕಾಗದದ ಮೇಲಿದ್ದಷ್ಟು ಪೂರ್ಣವಾಗಿರಲಿಲ್ಲ, ಅಲ್ಲಿ ನಿತ್ಯವೂ ಕೊಡುಕೊಳ್ಳುವಿಕೆ ನಡೆಯುತ್ತಿತ್ತು ಎಂದು ಚರಿತ್ರಕಾರ ಡೇವಿಡ್ ಆರ್ನಾಲ್ಡ್ ತೋರಿಸಿದ್ದಾರೆ. ಆ ಕೊಡುಕೊಳ್ಳುವಿಕೆ ನಡೆದದ್ದು ಬಹುತೇಕ ವಾರ್ಡರಿನ ಕೈಯಲ್ಲಿ, ಅವನ ಭಾಷೆಯಲ್ಲಿ.

2. ಕೈದಿಯೇ ಕಾವಲುಗಾರ

ಕಡಿಮೆ ಖರ್ಚಿನ ಕಾವಲು ಎಂಬ ಸಮಸ್ಯೆಗೆ ವಸಾಹತು ಆಡಳಿತ ಕಂಡುಕೊಂಡ ಪರಿಹಾರ ಸಮುದ್ರದಾಚೆ ರೂಪುಗೊಂಡಿತು. ಬಂಗಾಳ, ಮದ್ರಾಸ್ ಮತ್ತು ಮುಂಬೈ ಪ್ರಾಂತಗಳಿಂದ ಗಡಿಪಾರಾದ ಕೈದಿಗಳನ್ನು ಬೆಂಕೂಲನ್, ಪೆನಾಂಗ್, ಮಲಕ್ಕಾಗಳಿಗೂ 1825ರಿಂದ ಸಿಂಗಪುರಕ್ಕೂ ಸಾಗಿಸಲಾಗುತ್ತಿತ್ತು. ಸಿಂಗಪುರದ ಜೈಲಿನಲ್ಲಿ ಸಂಬಳದ ಪೇದೆಗಳ ಬದಲು ಕೈದಿಗಳಲ್ಲಿಯೇ ನಂಬಿಗಸ್ತರನ್ನು ಆರಿಸಿ ಉಳಿದವರ ಮೇಲೆ ಕಾವಲಿಗಿಡುವ ಪದ್ಧತಿ ಬೆಳೆಯಿತು. ಆ ಜೈಲಿನ ಅಧಿಕಾರಿಯಾಗಿದ್ದ ಮೇಜರ್ ಮೆಕ್‌ನೇರ್ 1899ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ, ಕೈದಿಗಳು ತಮಗೆ ತಾವೇ ಕಾವಲುಗಾರರು ಎಂಬರ್ಥದ್ದು. ಸಿಂಗಪುರದ ಸೇಂಟ್ ಆಂಡ್ರೂಸ್ ಕ್ಯಾಥೆಡ್ರಲ್ ಕಟ್ಟಿದ್ದು ಈ ಭಾರತೀಯ ಕೈದಿಗಳ ಶ್ರಮ.

ಅಲ್ಲಿನ ಕೈದಿ ಅಧಿಕಾರಿಗಳ ಶ್ರೇಣಿಯಲ್ಲಿ ‘ಟಿಂಡಾಲ್’ ಎಂಬ ಹುದ್ದೆಯಿತ್ತು. ಅದು ಮುಂದೆ ಅಂಡಮಾನಿನ ಸೆಲ್ಯುಲಾರ್ ಜೈಲಿಗೂ ಬಂದಿತು. ಇಂಗ್ಲಿಷ್ ದಾಖಲೆಗಳಲ್ಲಿ ವಿಚಿತ್ರವಾಗಿ ಕಾಣುವ ಈ ಪದ ಪಶ್ಚಿಮ ಕರಾವಳಿಯವರಿಗೆ ಅಪರಿಚಿತವಲ್ಲ. ದೋಣಿಯ ಆಳುಗಳ ಮುಂದಾಳಿಗೆ ಹೇಳುವ ‘ತಾಂಡೇಲ’ ಎಂಬ ಮಾತೇ ಅದರ ಮೂಲ. ಮಲಯಾಳ, ತೆಲುಗು, ಮರಾಠಿಗಳಲ್ಲಿಯೂ ಅದರ ರೂಪಗಳಿವೆ. ‘ತುರಂಗ’ ಎಂಬುದು ಪೋರ್ಚುಗೀಸರ ‘ತ್ರೋಂಕೊ’ದಿಂದ ಬಂದು ಮರಾಠಿಯಲ್ಲಿ ‘ತುರುಂಗ’ವಾಗಿ ನೆಲೆಸಿದ ಮಾತು. ‘ಬಂದೀಖಾನೆ’, ‘ಜಮಾದಾರ’ಗಳು ಪಾರಸಿಯ ದಾರಿಯಿಂದ, ‘ಜೈಲು’, ‘ವಾರ್ಡರ್’ಗಳು ಇಂಗ್ಲಿಷಿನಿಂದ ಬಂದವು. ಕನ್ನಡದ ‘ಸೆರೆ’ಗೆ ತಮಿಳಿನ ‘ಚಿರೈ’ ಒಡಹುಟ್ಟು. ಸೆರೆಮನೆಯ ಶಬ್ದಕೋಶ ಒಂದೇ ಭಾಷೆಯ ಸೊತ್ತಾಗಿದ್ದ ಕಾಲವೇ ಇಲ್ಲವೆನ್ನಬಹುದು.

19ನೆಯ ಶತಮಾನದ ದ್ವಿತೀಯಾರ್ಧದಲ್ಲಿ ಭಾರತದ ಒಳನಾಡಿನ ಜೈಲುಗಳಲ್ಲೂ ಕೈದಿ ಅಧಿಕಾರಿಗಳ ಮೂರು ಮೆಟ್ಟಿಲುಗಳ ವ್ಯವಸ್ಥೆ ನೆಲೆಗೊಂಡಿತು: ರಾತ್ರಿ ಕಾವಲುಗಾರ, ಓವರ್‌ಸಿಯರ್ ಮತ್ತು ಕೈದಿ ವಾರ್ಡರ್. 1894ರ ಕಾರಾಗೃಹ ಕಾಯಿದೆ ಇದಕ್ಕೆ ಶಾಸನದ ಮುದ್ರೆ ಒತ್ತಿತು. ಜೈಲಿನ ಅಧಿಕಾರಿಗಳಾಗಿ ನೇಮಕಗೊಂಡ ಕೈದಿಗಳನ್ನು ಭಾರತೀಯ ದಂಡ ಸಂಹಿತೆಯ ಅರ್ಥದಲ್ಲಿ ಸಾರ್ವಜನಿಕ ನೌಕರರೆಂದು ಪರಿಗಣಿಸತಕ್ಕದ್ದು ಎಂದು ಅದರ 23ನೆಯ ಪ್ರಕರಣ ವಿಧಿಸಿತು. ಕೊಲೆಗೋ ದರೋಡೆಗೋ ಶಿಕ್ಷೆಗೊಳಗಾಗಿ ಒಳಗೆ ಬಂದವನು ಕೆಲವು ವರ್ಷಗಳಲ್ಲಿ ಸಾರ್ವಜನಿಕ ನೌಕರನಾಗಬಲ್ಲವನಾದ. ಅವನ ಮೇಲೆ ಕೈಮಾಡಿದ ಇನ್ನೊಬ್ಬ ಕೈದಿ ಸರ್ಕಾರದ ನೌಕರನ ಮೇಲೆ ಹಲ್ಲೆ ಮಾಡಿದ ಅಪರಾಧಿಯಾದ.

ಕೈದಿಯೊಬ್ಬ ಈ ಕೆಲಸಕ್ಕೆ ಒಪ್ಪಿಕೊಳ್ಳಲು ಕಾರಣ ಹುಡುಕಬೇಕಾಗಿಲ್ಲ. ಪ್ರತಿ ತಿಂಗಳೂ ಶಿಕ್ಷೆಯಲ್ಲಿ ಹೆಚ್ಚುವರಿ ಮಾಫಿ, ಕಠಿಣ ದುಡಿಮೆಯಿಂದ ಬಿಡುಗಡೆ, ಬೇರೆ ಉಡುಪು, ಜೈಲಿನೊಳಗೆ ಓಡಾಡುವ ಸ್ವಾತಂತ್ರ್ಯ. ಇಲ್ಲಿ ಸಂಬಳವನ್ನು ಎಣಿಸುತ್ತಿದ್ದುದು ರೂಪಾಯಿಗಳಲ್ಲಲ್ಲ, ದಿನಗಳಲ್ಲಿ. ಇತರರ ಮೇಲೆ ಎಷ್ಟು ಕಣ್ಣಿಟ್ಟರೆ ತನ್ನ ಮನೆ ಅಷ್ಟು ಹತ್ತಿರವಾಗುತ್ತದೆ ಎಂಬ ಲೆಕ್ಕವನ್ನು ಆಡಳಿತವೇ ಅವನ ಕೈಗೆ ಕೊಟ್ಟಿತ್ತು. ಜೈಲಿನ ಒಳಗಿನ ಬಹುಪಾಲು ಕೆಲಸವನ್ನು ಕೈದಿಗಳಿಂದಲೇ ಮಾಡಿಸುತ್ತಿದ್ದುದನ್ನೂ ಮಾಫಿಯ ಆಸೆ ಮತ್ತು ಶಿಕ್ಷೆಯ ಭಯ ಈ ವ್ಯವಸ್ಥೆಯನ್ನು ನಡೆಸುತ್ತಿದ್ದುದನ್ನೂ ನೆಹರೂ ತಮ್ಮ ಆತ್ಮಕಥೆಯಲ್ಲಿ ಗುರುತಿಸಿದ್ದಾರೆ.

ಗಾಂಧೀಜಿ 1922ರಿಂದ 1924ರವರೆಗೆ ಯೆರವಾಡದಲ್ಲಿದ್ದು, ಬಿಡುಗಡೆಯ ನಂತರ ‘ಯಂಗ್ ಇಂಡಿಯಾ’ದಲ್ಲಿ ಬರೆದ ಜೈಲಿನ ಅನುಭವಗಳಲ್ಲಿ ಕೈದಿ ವಾರ್ಡರುಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟರು. ಅವರಲ್ಲೊಬ್ಬ ಆದನ್ ಎಂಬ ಸೊಮಾಲಿ ಯುವಕ. ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಸೇರಿ, ಅದನ್ನು ತೊರೆದು ಓಡಿದ್ದಕ್ಕಾಗಿ ಹತ್ತು ವರ್ಷದ ಶಿಕ್ಷೆಗೊಳಗಾದವನು. ಗಾಂಧೀಜಿಗೆ ಅವನ ಮೇಲೆ ಪ್ರೀತಿಯಿತ್ತು. ಕೈದಿಗೆ ಕೈದಿಯ ಮೇಲೆ ಅಧಿಕಾರ ಕೊಡುವ ಪದ್ಧತಿಯ ಕೇಡುಗಳನ್ನೂ ಅವರು ಅಷ್ಟೇ ಸ್ಪಷ್ಟವಾಗಿ ಕಂಡರು. ವ್ಯಕ್ತಿಯನ್ನು ಮೆಚ್ಚುತ್ತಲೇ ಅವನನ್ನು ಅಲ್ಲಿ ನಿಲ್ಲಿಸಿದ ವ್ಯವಸ್ಥೆಯನ್ನು ಪ್ರಶ್ನಿಸುವ ಈ ನೋಟ ಸ್ವಭಾವದ ವಿವರಣೆಗಿಂತ ಮುಂದೆ ಹೋಗುತ್ತದೆ.

3. ಸಂಬಳದ ವಾರ್ಡರ್

ಕೈದಿ ಅಧಿಕಾರಿಗಳ ಮೇಲಿನ ಮೆಟ್ಟಿಲಲ್ಲಿ ಸಂಬಳದ ವಾರ್ಡರ್ ನಿಂತಿದ್ದ. ಅವನು ಈ ಕೆಲಸಕ್ಕೆ ಬಂದ ಕಾರಣಗಳನ್ನು ಅವನ ಬರಹದಿಂದ ತಿಳಿಯಲಾಗದು. ಅವನು ಬರೆದದ್ದು ವಿರಳ. ನಿಯಮಗಳು ಅವನಿಗೆ ಏನು ಕೊಡುತ್ತಿದ್ದವು ಎಂಬುದರಿಂದ ಅವುಗಳನ್ನು ಊಹಿಸಬಹುದು: ತಿಂಗಳ ಸಂಬಳ, ಸಮವಸ್ತ್ರ, ಜೈಲಿನ ಗೋಡೆಗೆ ಹೊಂದಿಕೊಂಡ ವಸತಿ, ಸೇವೆ ಮುಗಿದ ಮೇಲೆ ಪಿಂಚಣಿ. ಸೇನೆಯಿಂದ ಬಿಡುಗಡೆಯಾದವರಿಗೆ ಆದ್ಯತೆ ಇರುತ್ತಿದ್ದುದರಿಂದ, ಕವಾಯತು ಬಲ್ಲ ಆದರೆ ಹೊಲವಿಲ್ಲದ ಮಾಜಿ ಸಿಪಾಯಿಗೆ ಇದು ಪರಿಚಿತ ಶಿಸ್ತಿನ ಮುಂದುವರಿಕೆ.

ಮಳೆಯನ್ನೇ ನಂಬಿದ ಬಳ್ಳಾರಿ, ಆದವಾನಿ, ಸೊಲ್ಲಾಪುರ, ಬಿಜಾಪುರಗಳಂಥ ಸೀಮೆಯಲ್ಲಿ ತಿಂಗಳ ಸಂಬಳಕ್ಕೆ ಇದ್ದ ಬೆಲೆಯನ್ನು ಬರಗಾಲಗಳ ಚರಿತ್ರೆಯ ಜೊತೆಗಿಟ್ಟು ನೋಡಬೇಕು. 1876ರಿಂದ 1878ರವರೆಗಿನ ಮಹಾ ಬರ ಈ ಸೀಮೆಯನ್ನು ನುಚ್ಚುನೂರು ಮಾಡಿತು. ಹಸಿದವರು ಸಣ್ಣ ಕಳವುಗಳಿಗಾಗಿ ಒಳಗೆ ಬಂದಂತೆ ಮದ್ರಾಸ್ ಪ್ರಾಂತದ ಜೈಲುಗಳು ತುಂಬಿದವು. ಒಳಗೆ ಸಾವುಗಳೂ ಹೆಚ್ಚಿದವು. ಅದೇ ಬರ ಒಬ್ಬನನ್ನು ಕೈದಿಯಾಗಿ ಒಳಗೆ ತಂದರೆ, ಮಳೆಯ ಹಂಗಿಲ್ಲದ ಸಂಬಳವನ್ನು ಹುಡುಕಿ ಇನ್ನೊಬ್ಬನನ್ನು ಪಹರೆಯ ಕೆಲಸಕ್ಕೆ ತಳ್ಳಿರಬಹುದು. ಇವರಿಬ್ಬರೂ ಒಂದೇ ಬಗೆಯ ಹಳ್ಳಿಗಳಿಂದ ಬಂದವರಾಗಿದ್ದರೆ ಆಶ್ಚರ್ಯವಿಲ್ಲ.

ಒಳಬಂದ ಮೇಲೆ ಹೊರಹೋಗುವುದು ಸುಲಭವಾಗಿರಲಿಲ್ಲ ಎಂಬುದಕ್ಕೆ ಶಾಸನವೇ ಸಾಕ್ಷಿ. 1894ರ ಕಾಯಿದೆಯ 54ನೆಯ ಪ್ರಕರಣದಂತೆ, ಅನುಮತಿಯಿಲ್ಲದೆ ಹಾಗೂ ಎರಡು ತಿಂಗಳ ಲಿಖಿತ ಸೂಚನೆ ಕೊಡದೆ ಕೆಲಸ ಬಿಟ್ಟ ಜೈಲು ಸಿಬ್ಬಂದಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. 200 ರೂಪಾಯಿಯವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ರಜೆ ಮೀರಿ ಉಳಿದದ್ದಕ್ಕೂ ಅಪ್ಪಣೆಯಿಲ್ಲದೆ ಬೇರೆ ಉದ್ಯೋಗ ಮಾಡಿದ್ದಕ್ಕೂ, ಹೇಡಿತನಕ್ಕೂ ಅದೇ ಶಿಕ್ಷೆ. ಕೆಲಸ ಬಿಟ್ಟರೆ ತಾನು ಕಾಯುತ್ತಿದ್ದ ಜಾಗಕ್ಕೇ ಕೈದಿಯಾಗಿ ಬರಬೇಕಾದ ನೌಕರಿಯಿದು. ಹೀಗೆ ಒಂದೇ ಕಾಯಿದೆ ಕೈದಿಯನ್ನು ನೌಕರನನ್ನಾಗಿ ಮಾಡಿತು, ನೌಕರನನ್ನು ಕೈದಿಯನ್ನಾಗಿ ಮಾಡುವ ದಾರಿಯನ್ನೂ ತೆರೆದಿಟ್ಟಿತು. 23 ಮತ್ತು 54ನೆಯ ಪ್ರಕರಣಗಳನ್ನು ಒಟ್ಟಿಗೆ ಓದಿದಾಗ ‘ಆಯ್ಕೆ’ ಎಂಬ ಮಾತು ಎಷ್ಟು ಇಕ್ಕಟ್ಟಾದುದೆಂಬುದು ತಿಳಿಯುತ್ತದೆ.

ಸರ್ ಅಲೆಕ್ಸಾಂಡರ್ ಕಾರ್ಡ್ಯೂ ಅಧ್ಯಕ್ಷತೆಯ 1919–20ರ ಭಾರತೀಯ ಜೈಲುಗಳ ಸಮಿತಿ ಈ ಇಕ್ಕಟ್ಟನ್ನು ಸ್ವಲ್ಪಮಟ್ಟಿಗೆ ಗುರುತಿಸಿತು. ಅಂಡಮಾನ್ ಸೇರಿದಂತೆ ದೇಶದ ಜೈಲುಗಳನ್ನೂ ಬ್ರಿಟನ್, ಅಮೆರಿಕ, ಜಪಾನ್ ಮುಂತಾದ ದೇಶಗಳ ಜೈಲುಗಳನ್ನೂ ನೋಡಿಬಂದ ಈ ಸಮಿತಿ, ಕೈದಿಯನ್ನು ತಿದ್ದುವುದು ಸೆರೆವಾಸದ ಗುರಿಯಾಗಬೇಕೆಂದು ಹೇಳಿತು. ಅದಕ್ಕೆ ತಕ್ಕ ಸಿಬ್ಬಂದಿ ಬೇಕಾದರೆ ವಾರ್ಡರುಗಳ ಸಂಬಳ, ಸ್ಥಿತಿಗತಿ ಸುಧಾರಿಸಬೇಕು, ಕೈದಿ ಅಧಿಕಾರಿಗಳ ಮೇಲಿನ ಅವಲಂಬನೆ ತಗ್ಗಬೇಕು ಎಂಬುದು ಅದರ ದಿಕ್ಕು. ಆದರೆ 1919ರ ಸುಧಾರಣೆಗಳಲ್ಲಿ ಜೈಲು ಪ್ರಾಂತಗಳ ಪಾಲಿನ ವಿಷಯವಾಯಿತು. ತಿದ್ದುವ ಗುರಿಯನ್ನು ಅಖಿಲ ಭಾರತ ಮಟ್ಟದಲ್ಲಿ ಸಾರಲಾಯಿತು. ಅದರ ಖರ್ಚು ಪ್ರಾಂತಗಳ ಬೊಕ್ಕಸದ ಮೇಲೆ ಬಿದ್ದಿತು. ಬಜೆಟ್ಟಿನ ಕೊನೆಯ ಸಾಲಿನಲ್ಲಿ ಕುಳಿತ ಇಲಾಖೆಯಲ್ಲಿ ವಾರ್ಡರ್ ಹಳೆಯ ವಾರ್ಡರನಾಗಿಯೇ ಉಳಿದ.

ಅರ್ಧ ಶತಮಾನದ ನಂತರ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪತ್ರದಲ್ಲಿ ಇದರ ಫಲ ಕಾಣುತ್ತದೆ. ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ ಬರೆದ ಆ ಪತ್ರದ ದೂರು, ಹಣಕ್ಕಾಗಿ ಪೀಡಿಸಿದ ಹೆಡ್ ವಾರ್ಡರೊಬ್ಬ ಇನ್ನೊಬ್ಬ ಕೈದಿಯನ್ನು ಹಿಂಸಿಸಿದ್ದಾನೆಂಬುದು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ 1979ರ ಡಿಸೆಂಬರಿನಲ್ಲಿ ಕೈದಿಗಳ ಹಕ್ಕುಗಳ ಬಗ್ಗೆ ಮಹತ್ವದ ತೀರ್ಪು ನೀಡಿತು. ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೂ ಹೋವರ್ಡ್ ಎರಡು ಶತಮಾನಗಳ ಹಿಂದೆ ಕಂಡ ಶುಲ್ಕದ ವ್ಯಾಪಾರ ನಿಯಮಗಳ ಪುಸ್ತಕದಿಂದ ಮಾಯವಾಗಿ, ಪಡಸಾಲೆಯಲ್ಲಿ ಹಾಗೆಯೇ ಉಳಿದಿತ್ತೆಂಬುದನ್ನು ಗಮನಿಸಬೇಕು. ನ್ಯಾಯಮೂರ್ತಿ ಮುಲ್ಲಾ ಅಧ್ಯಕ್ಷತೆಯ 1980–83ರ ಸಮಿತಿ ಜೈಲು ಸಿಬ್ಬಂದಿಗೆ ಅಖಿಲ ಭಾರತ ಮಟ್ಟದ ಸೇವೆಯೊಂದನ್ನು ಸೂಚಿಸಿತು, ಅದು ಕಾರ್ಯಗತವಾಗಲಿಲ್ಲ.

4. ‘ದೇಶಭಾಷೆ’ ಎಂಬ ಏಕವಚನ

1894ರ ಕಾಯಿದೆಯ 61ನೆಯ ಪ್ರಕರಣ ಗಡಿನಾಡಿನ ಅಧ್ಯಯನಕಾರರ ಗಮನಕ್ಕೆ ಬರಬೇಕಾದದ್ದು. ಜೈಲಿನ ಆಡಳಿತಕ್ಕೆ ಸಂಬಂಧಿಸಿದ ನಿಯಮಗಳ ಪ್ರತಿಗಳನ್ನು ಇಂಗ್ಲಿಷಿನಲ್ಲಿಯೂ ದೇಶಭಾಷೆಯಲ್ಲಿಯೂ, ಜೈಲಿನೊಳಗೆ ಕೆಲಸ ಮಾಡುವ ಎಲ್ಲರಿಗೂ ಕಾಣುವಂಥ ಜಾಗದಲ್ಲಿ ಪ್ರದರ್ಶಿಸಬೇಕೆಂದು ಅದು ಹೇಳುತ್ತದೆ. ಇಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು, ದೇಶಭಾಷೆ ಎಂಬುದು ಏಕವಚನದಲ್ಲಿದೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿಗಳಾಡುವ ಒಂದು ಜಿಲ್ಲೆಯಲ್ಲಿ, ಅಥವಾ ಕನ್ನಡ, ಮರಾಠಿ, ತೆಲುಗು, ಉರ್ದುಗಳು ಬೆರೆತ ಸೊಲ್ಲಾಪುರದಲ್ಲಿ, ಆ ಒಂದು ಭಾಷೆ ಯಾವುದು ಎಂಬುದನ್ನು ಕಾಯಿದೆ ಹೇಳುವುದಿಲ್ಲ. ಎರಡನೆಯದು, ಈ ಪ್ರಕಟಣೆ ಉದ್ದೇಶಿಸಿದ್ದು ಕೆಲಸ ಮಾಡುವವರನ್ನು; ಅದು ಕೈದಿಯ ಕಣ್ಣಿಗೆ ಬೀಳಬೇಕೆಂದು ಪ್ರಕರಣ ಕೇಳುವುದಿಲ್ಲ. ಕೈದಿಯ ಪಾಲಿಗೆ ನಿಯಮವೆಂದರೆ ವಾರ್ಡರ್ ಬಾಯಿಬಿಟ್ಟು ಹೇಳಿದ್ದು.

ಹೀಗಾಗಿ ವಾರ್ಡರಿನ ನಾಲಿಗೆ ಜೈಲಿನಲ್ಲಿ ಅಘೋಷಿತ ಅರ್ಹತೆಯಾಗಿ ಕೆಲಸ ಮಾಡಿತು. ಆಡಳಿತ ಇದನ್ನು ಎರಡು ಬಗೆಯಲ್ಲಿ ಬಳಸಿಕೊಂಡಿತು. ಅಂಡಮಾನಿನಿಂದ ಮರಳಿದ ರಾಜಕೀಯ ಕೈದಿಗಳ ಕಥನಗಳು, 1922ರಲ್ಲಿ ಇಂಗ್ಲಿಷಿನಲ್ಲಿ ಬಂದ ಬಾರೀಂದ್ರಕುಮಾರ ಘೋಷರದಾಗಲಿ, 1927ರಲ್ಲಿ ಮರಾಠಿಯಲ್ಲಿ ಬಂದ ಸಾವರ್ಕರರದಾಗಲಿ, ಬೇರೆ ಪ್ರಾಂತದ, ಬೇರೆ ಮತದ ಪೆಟ್ಟಿ ಆಫೀಸರುಗಳನ್ನು ತಮ್ಮ ಮೇಲೆ ಇಟ್ಟದ್ದರ ಕುರಿತ ಕಹಿಯನ್ನು ದಾಖಲಿಸುತ್ತವೆ. ಮಾತು ಬೆಸೆಯದ ಕಡೆ ಸಲುಗೆ ಬೆಳೆಯದು ಎಂಬುದು ಅದರ ಹಿಂದಿನ ತರ್ಕವಾಗಿರಬೇಕು. ಇನ್ನೊಂದೆಡೆ ಜಿಲ್ಲಾ ಜೈಲುಗಳಲ್ಲಿ ಸ್ಥಳೀಯ ಮಾತು ಬಲ್ಲ ವಾರ್ಡರ್ ಇಲ್ಲದೆ ಎಣಿಕೆಯಾಗಲಿ, ದುಡಿಮೆಯ ಹಂಚಿಕೆಯಾಗಲಿ ನಡೆಯುತ್ತಿರಲಿಲ್ಲ. ಭಾಷೆಯ ದೂರ ಶಿಸ್ತಿಗೆ ಬೇಕು, ಭಾಷೆಯ ಹತ್ತಿರ ಆಡಳಿತಕ್ಕೆ ಬೇಕು; ಈ ಎರಡರ ನಡುವೆ ವಾರ್ಡರ್ ಸಂಬಳವಿಲ್ಲದ ದುಭಾಷಿಯಾದ.

ಕೈಯೂರಿನ ಪ್ರಕರಣದಲ್ಲಿ ಇದರ ಪೂರ್ಣ ನಕ್ಷೆಯಿದೆ. ಮಲಯಾಳವಾಡುವ ರೈತರ ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ. ಶಿಕ್ಷೆ ಜಾರಿಯಾದದ್ದು ಕಣ್ಣೂರಿನಲ್ಲಿ. ಹಳ್ಳಿ, ನ್ಯಾಯಾಲಯ, ಗಲ್ಲು ಮೂರೂ ಒಂದೇ ಪ್ರಾಂತದೊಳಗೆ, ಆದರೆ ಬೇರೆಬೇರೆ ಮಾತಿನ ಪರಿಸರಗಳಲ್ಲಿ. ಆ ಸಾಗಾಟದ ಉದ್ದಕ್ಕೂ ಕೈದಿ ಮತ್ತು ಸರ್ಕಾರದ ನಡುವೆ ನಿಂತವರು ಪೊಲೀಸ್ ಪೇದೆ, ಕೋರ್ಟಿನ ದುಭಾಷಿ ಮತ್ತು ವಾರ್ಡರ್. ಘಟನೆಯನ್ನು ಕನ್ನಡದಲ್ಲಿ ಕಾದಂಬರಿಯಾಗಿ ಬರೆಯಲು ಸಾಧ್ಯವಾದದ್ದೇ ಈ ಭಾಷೆಗಳು ಗಡಿಯಲ್ಲಿ ಹಾಸುಹೊಕ್ಕಾಗಿದ್ದುದರಿಂದ. ಆದರೆ ಆ ಹಾಸುಹೊಕ್ಕಿನಲ್ಲಿ ನಿತ್ಯ ಸಂಚರಿಸಿದ ವಾರ್ಡರಿಗೆ ಕಥನದಲ್ಲಿ ಜಾಗ ಸಿಗಲಿಲ್ಲ.

5. 1956ರ ನಂತರದ ಗಡಿ

ಸಂವಿಧಾನ ಕಾರಾಗೃಹಗಳನ್ನು ರಾಜ್ಯಪಟ್ಟಿಯಲ್ಲಿರಿಸಿತು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷಾವಾರು ಪುನಾರಚನೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು, ಸೊಲ್ಲಾಪುರ ಮುಂಬೈ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಆದವಾನಿ, ರಾಯದುರ್ಗ, ಮಡಕಶಿರಾಗಳು 1953ರಲ್ಲಿಯೇ ಆಂಧ್ರಕ್ಕೆ ಸೇರಿದ್ದವು. ‘ದೇಶಭಾಷೆ’ ಎಂಬ ಏಕವಚನಕ್ಕೆ ಈಗ ಖಚಿತವಾದ ಅರ್ಥ ಬಂದಿತು: ರಾಜ್ಯಭಾಷೆ.

ಇದರ ಪರಿಣಾಮ ವಾರ್ಡರುಗಳ ನೇಮಕಾತಿಯಲ್ಲಿ ಕಾಣುತ್ತದೆ. ತಮಿಳುನಾಡಿನಲ್ಲಿ ಸಮವಸ್ತ್ರ ಸೇವೆಗಳ ನೇಮಕಾತಿ ಮಂಡಳಿ ಎರಡನೆಯ ದರ್ಜೆಯ ಪೊಲೀಸ್ ಪೇದೆ, ಜೈಲು ವಾರ್ಡರ್ ಮತ್ತು ಅಗ್ನಿಶಾಮಕ ಹುದ್ದೆಗಳಿಗೆ ಒಂದೇ ಪರೀಕ್ಷೆ ನಡೆಸುತ್ತದೆ. ತಮಿಳು ಭಾಷಾ ಅರ್ಹತೆ ಅದರ ಭಾಗ. ತೆಲಂಗಾಣ ಮತ್ತು ಆಂಧ್ರದಲ್ಲಿಯೂ ಪೊಲೀಸ್ ನೇಮಕಾತಿ ಮಂಡಳಿಗಳ ಸಾಮಾನ್ಯ ಪರೀಕ್ಷೆಯ ಮೂಲಕ ವಾರ್ಡರುಗಳನ್ನು ಆರಿಸಿದ್ದುಂಟು. ಮಹಾರಾಷ್ಟ್ರದ ಇತ್ತೀಚಿನ ಪೊಲೀಸ್ ಭರ್ತಿಯಲ್ಲಿ ‘ಕಾರಾಗೃಹ ಶಿಪಾಯಿ’ ಹುದ್ದೆಗಳೂ ಸೇರಿವೆ. ಇಂಥ ಸಾಮಾನ್ಯ ಪರೀಕ್ಷೆಯಲ್ಲಿ ಅಭ್ಯರ್ಥಿ ಬಯಸುವುದು ಸಾಮಾನ್ಯವಾಗಿ ಖಾಕಿಯನ್ನು. ಯಾವ ಖಾಕಿ ಎಂಬುದನ್ನು ಅಂಕಗಳು ತೀರ್ಮಾನಿಸುತ್ತವೆ. ಜೈಲಿನ ಕೆಲಸವನ್ನು ಆರಿಸಿಕೊಂಡದ್ದು ಏಕೆ ಎಂದು ಇಂದಿನ ವಾರ್ಡರನ್ನು ಕೇಳಿದರೆ, ಪ್ರಾಮಾಣಿಕ ಉತ್ತರ ಅನೇಕ ವೇಳೆ, ಆರಿಸಿಕೊಂಡದ್ದು ಸರ್ಕಾರಿ ಕೆಲಸವನ್ನು, ಜೈಲು ಪಾಲಿಗೆ ಬಂದದ್ದು ಎಂಬುದಾಗಿರಬಹುದು. ಇದರಲ್ಲಿ ಅವಮಾನವೇನೂ ಇಲ್ಲ. ಆದರೆ ತಿದ್ದುವ ಸಂಸ್ಥೆಯೆಂದು ಕರೆದುಕೊಳ್ಳುವ ಇಲಾಖೆ ತನ್ನ ಸಿಬ್ಬಂದಿಯನ್ನು ಇನ್ನೊಂದು ಇಲಾಖೆಯ ಶೇಷವಾಗಿ ಪಡೆಯುತ್ತಿದೆಯೆಂಬುದು ಆ ಇಲಾಖೆಯ ಬಗ್ಗೆ ಏನನ್ನೋ ಹೇಳುತ್ತದೆ.

ಕೇರಳದ ಚಿತ್ರ ಸ್ವಲ್ಪ ಬೇರೆ. ಅಲ್ಲಿ 2010ರ ಕಾಯಿದೆಯ ನಂತರ ಇಲಾಖೆಯ ಹೆಸರಿಗೆ ‘ಸುಧಾರಣಾ ಸೇವೆ’ ಸೇರಿತು. ವಾರ್ಡರ್ ಈಗ ಅಸಿಸ್ಟೆಂಟ್ ಪ್ರಿಸನ್ ಆಫೀಸರ್. 1969ರ ಕೇರಳ ಆಡಳಿತ ಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ಉಳಿಸಿದೆ. ಅಲ್ಲಿನ ಲೋಕಸೇವಾ ಆಯೋಗ ಎಸ್‌ಎಸ್‌ಎಲ್‌ಸಿ ಮಟ್ಟದ ಪರೀಕ್ಷೆಗಳಿಗೆ ಕನ್ನಡ ಪ್ರಶ್ನೆಪತ್ರಿಕೆಯನ್ನೂ ಕೊಡುತ್ತದೆ. ಕಾಸರಗೋಡಿನಲ್ಲಿ ಕನ್ನಡ ಬಲ್ಲ ಗುಮಾಸ್ತರಿಗೆಂದು ಪ್ರತ್ಯೇಕ ಹುದ್ದೆಗಳನ್ನು ಗುರುತಿಸಿದ್ದೂ ಉಂಟು. ಅರ್ಜಿ ಸ್ವೀಕರಿಸುವ ಮೇಜಿನಲ್ಲಿ ಕನ್ನಡ ಬೇಕೆಂದು ಒಪ್ಪಿದ ತರ್ಕ ಜೈಲಿನ ಬಾಗಿಲಿಗೂ ಅನ್ವಯಿಸಬೇಕು. ಗುಮಾಸ್ತನ ಮಾತು ಅರ್ಥವಾಗದವನು ಮನೆಗೆ ಹೋಗಿ ಮತ್ತೊಬ್ಬರನ್ನು ಕರೆತರಬಹುದು. ಬ್ಯಾರಕ್ಕಿನೊಳಗಿರುವವನಿಗೆ ಆ ದಾರಿಯಿಲ್ಲ.

ಇದು ಸಣ್ಣ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಜನರಿಗೆ ಜಾಗವಿದ್ದು, ಒಳಗಿದ್ದವರು 5,73,220. ಅವರಲ್ಲಿ ನಾಲ್ಕರಲ್ಲಿ ಮೂವರು ಇನ್ನೂ ಶಿಕ್ಷೆಯಾಗದ ವಿಚಾರಣಾಧೀನರು. ಮಂಜೂರಾದ ಸಿಬ್ಬಂದಿ ಹುದ್ದೆಗಳಲ್ಲಿ ಸುಮಾರು ಶೇಕಡಾ 30ರಷ್ಟು ಖಾಲಿ. ಕಾವಲಿಗೆ ಜನ ಸಾಲದಿದ್ದಾಗ ಹಳೆಯ ಪರಿಹಾರ ಹಿಂಬಾಗಿಲಿನಿಂದ ಮರಳುತ್ತದೆ: ಕೈದಿಗಳ ಮೇಲೆ ಕೈದಿಗಳ ಯಜಮಾನಿಕೆ.

ಆ ಹಳೆಯ ಪರಿಹಾರದ ಜೊತೆಗೆ ಬಂದ ಜಾತಿಯ ಲೆಕ್ಕ ತೀರಾ ಇತ್ತೀಚಿನವರೆಗೂ ನಿಯಮಪುಸ್ತಕಗಳಲ್ಲಿತ್ತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜಾತಿಯ ಆಧಾರದ ಮೇಲೆ ಕೈದಿಗಳಿಗೆ ಕೆಲಸ ಹಂಚುವ ಅನೇಕ ರಾಜ್ಯಗಳ ನಿಯಮಗಳನ್ನು ಅಸಿಂಧುಗೊಳಿಸಿತು. ಅವುಗಳಲ್ಲಿ ಪಶ್ಚಿಮ ಬಂಗಾಳದ ಒಂದು ನಿಯಮ, ಅಲೆಮಾರಿ ಬುಡಕಟ್ಟುಗಳಂಥ, ತಪ್ಪಿಸಿಕೊಳ್ಳುವ ಸಹಜ ಪ್ರವೃತ್ತಿಯುಳ್ಳ ವರ್ಗದವರನ್ನು ಕೈದಿ ಕಾವಲುಗಾರರನ್ನಾಗಿ ಮಾಡಬಾರದೆನ್ನುತ್ತಿತ್ತು. ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಇಂಥ ಸಮುದಾಯಗಳನ್ನು ಮುಳ್ಳುತಂತಿಯೊಳಗಿರಿಸಿದ ಸೆಟ್ಲ್‌ಮೆಂಟನ್ನು ಕಂಡ ಸೊಲ್ಲಾಪುರಕ್ಕೆ ಈ ಭಾಷೆ ಹೊಸದಲ್ಲ. ಆ ಕಾಯಿದೆ 1952ರಲ್ಲಿ ರದ್ದಾದರೂ, ಕಾಯುವವನು ಯಾರಾಗಬಹುದು, ಯಾರಾಗಬಾರದು ಎಂಬ ಪಟ್ಟಿ ಇನ್ನೂ 72 ವರ್ಷ ಬದುಕಿತು.

ಜನ ಜೈಲಿನ ಕೆಲಸಕ್ಕೆ ಏಕೆ ಬರುತ್ತಾರೆ ಎಂಬ ಪ್ರಶ್ನೆಗೆ ಈ ಚರಿತ್ರೆ ಕೊಡುವ ಉತ್ತರ ಒಂದೇ ಆಗಿಲ್ಲ. ಶುಲ್ಕ ವ್ಯಾಪಾರಿಯನ್ನು ತಂದಿತು, ಮಾಫಿ ಕೈದಿಯನ್ನು ತಂದಿತು, ಪಿಂಚಣಿ ಸಿಪಾಯಿಯನ್ನು ತಂದಿತು, ಸಾಮಾನ್ಯ ಪರೀಕ್ಷೆ ಪದವೀಧರನನ್ನು ತರುತ್ತಿದೆ. ಪ್ರತಿ ಸಲವೂ ಸರ್ಕಾರ ಏನನ್ನು ಬೆಲೆಯಾಗಿ ಕೊಟ್ಟಿತೋ ಅದಕ್ಕೆ ತಕ್ಕ ಕಾವಲು ಅದಕ್ಕೆ ದೊರೆಯಿತು. ಈ ಬೆಲೆಪಟ್ಟಿಯಲ್ಲಿ ಎಂದೂ ಸೇರದ ಒಂದು ಸಾಮರ್ಥ್ಯವೆಂದರೆ ಎರಡು ಭಾಷೆಗಳ ನಡುವೆ ನಿಂತು ಮನುಷ್ಯನೊಬ್ಬನಿಗೆ ಅವನ ಹಕ್ಕನ್ನು ಅರ್ಥಮಾಡಿಸುವುದು. ತಾಳವಾಡಿಯ, ಜತ್ತದ, ಮಂಜೇಶ್ವರದ ಯುವಕ ಯುವತಿಯರಲ್ಲಿ ಹುಟ್ಟಿನಿಂದಲೇ ಇರುವ ಸಾಮರ್ಥ್ಯವಿದು. ನೇಮಕಾತಿಯ ಅಂಕಪಟ್ಟಿಯಲ್ಲಿ ಅದಕ್ಕೆ ಸೊನ್ನೆ.

ಗಡಿನಾಡಿನ ಸಂಶೋಧನೆಗೆ ಇಲ್ಲಿ ತುರ್ತಾದ ಕೆಲಸವಿದೆ. ಏಕೀಕರಣದ ಆಚೀಚೆ ಸೇವೆಗೆ ಸೇರಿ, ಒಂದು ಭಾಷೆಯಲ್ಲಿ ಕವಾಯತು ಕಲಿತು ಇನ್ನೊಂದು ಭಾಷೆಯ ಕೈದಿಗಳನ್ನು ಕಾದ ತಲೆಮಾರು ಬಹುಮಟ್ಟಿಗೆ ಕಣ್ಮರೆಯಾಗಿದೆ. ಅವರ ನಂತರ ಬಂದು ಈಗ ನಿವೃತ್ತರಾಗಿರುವವರು ಕಾಸರಗೋಡು, ಸೊಲ್ಲಾಪುರ, ಹೊಸೂರುಗಳಲ್ಲಿ ಇದ್ದಾರೆ. ಕೈದಿಗಳ ಕಥನಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಅವರ ಮಾತುಗಳನ್ನೂ ದಾಖಲಿಸಬೇಕು. ಅವರು ಏಕೆ ಸೇರಿದರು ಎಂಬುದರ ಜೊತೆಗೆ, ರಾತ್ರಿಪಾಳಿಯಲ್ಲಿ ಕೈದಿಯೊಬ್ಬ ತನ್ನ ಮಾತಿನಲ್ಲಿ ಏನನ್ನೋ ಕೇಳಿದಾಗ ಅವರು ಯಾವ ಭಾಷೆಯಲ್ಲಿ ಉತ್ತರಿಸಿದರು ಎಂಬುದನ್ನೂ ಕೇಳಬೇಕು.